ಒಣ ನೆತ್ತಿ

ದಪ್ಪ ರಟ್ಟಿನ ಹಳೆಯ ಪುಸ್ತಕದ ಹಾಳೆಗಳನ್ನು ಪಾದ್ರಿ ಒಂದೊಂದಾಗಿ ಮಗುಚುತ್ತಿದ್ದರು. ಎದುರಿನ ಬೆಂಚಿನ ತುದಿಯಲ್ಲಿ ಕೂತಿದ್ದ ಇಟ್ಟೂಪ್, ಆ ಹಾಳೆ ಸಿಗದೆ ಹೋಗಲಿ ಎಂದು ಒಮ್ಮೆ, ಬೇಗ ಸಿಕ್ಕಿ ತನ್ನನ್ನು ಬಿಟ್ಟುಬಿಡಲಿ ಎಂದು ಇನ್ನೊಮ್ಮೆ ಹಾರೈಸುತ್ತಿದ್ದ. ಬಂದ ಕೆಲಸವೇನೋ ಚಿಕ್ಕದು. ಮಗ ಪೈಲಿ ಬರುವ ಶನಿವಾರ ಗುರುಪಟ್ಟ ಪಡೆದು ಪಾದ್ರಿಯಾಗುವವನಿದ್ದ. ಅವನ ಮಾಮೋದೀಸದ, ಅಂದರೆ ಜ್ಞಾನಸ್ನಾನದ, ದಾಖಲೆಯ ಹೊಸ ಪ್ರತಿಯೊಂದು ಬಿಷಪ್ಪರ ಕಚೇರಿಗೆ ಬೇಕಂತೆ, ಸೆಮಿನರಿಗೆ ಸೇರುವಾಗ ಕೊಟ್ಟಿದ್ದು ನಡೆಯುವುದಿಲ್ಲವಂತೆ. ಎಲಿಸ್ವಾ ಬೆಳಿಗ್ಗೆಯೇ ಇಸ್ತ್ರಿ ಮಾಡಿದ ಮುಂಡು ಕೈಗಿತ್ತು ಗಂಡನನ್ನು ಹೊರಡಿಸಿದ್ದಳು. ಪಾದ್ರಿ ಹೊಸಬರು, ಮೂವತ್ತೂ ದಾಟಿರಲಿಕ್ಕಿಲ್ಲ. ಬೆರಳನ್ನು ನಾಲಗೆಗೆ ಮುಟ್ಟಿಸಿಕೊಂಡು ಹಾಳೆ ತಿರುಗಿಸುವ ಅವರ ರೀತಿ ನೋಡಿದರೆ ಲೋಕದಲ್ಲಿ ಯಾವ ಅನುಮಾನವೂ ಇಲ್ಲದ ಮನುಷ್ಯ ಅನ್ನಿಸುತ್ತಿತ್ತು. ಕೊನೆಗೆ ಸಿಕ್ಕಿತು ಎಂದು ಪುಸ್ತಕವನ್ನು ಇಟ್ಟೂಪನ ಕಡೆ ತಿರುಗಿಸಿದರು. ಒಂದರ ಕೆಳಗೊಂದು ಎರಡು ಸಾಲು, ಒಂದೇ ತಾರೀಕು, ಒಂದೇ ಅಪ್ಪ, ಒಂದೇ ಅಮ್ಮ. ಮೇಲಿನದು ವರ್ಕಿ, ಕೆಳಗಿನದು ಪೌಲೋಸ್, ಅಂದರೆ ಪೈಲಿ. ಅವಳಿ ಮಕ್ಕಳಾ, ನನಗೆ ಗೊತ್ತೇ ಇರಲಿಲ್ಲವಲ್ಲ, ಇನ್ನೊಬ್ಬ ಎಲ್ಲಿದಾನೆ ಎಂದು ಪಾದ್ರಿ ಕೇಳಿದರು. ಇಟ್ಟೂಪ್ ಕಿಟಕಿಯ ಕಡೆ ಕೈ ತೋರಿಸಿದ. ಕಿಟಕಿಯಾಚೆ ಇದ್ದದ್ದು ಸಿಮಿತೇರಿ, ಗೋರಿಗಳ ಸಾಲು.

ಪಾದ್ರಿ ಲೇಖನಿ ಎತ್ತಿ ನಕಲು ಮಾಡತೊಡಗಿದರು. ಹೋಗಲಿ ಬಿಡಿ, ಇದರಲ್ಲಿ ಬರೆದಿದ್ದರೆ ಮೇಲೂ ಬರೆದ ಹಾಗೇ ಎಂದು ಸಮಾಧಾನಕ್ಕೆ ಅಂದರು. ನಲವತ್ತು ವರ್ಷ ಹಲಗೆಗೆ ಹಲಗೆ ಕೂಡಿಸಿ, ತೆಂಗಿನ ಹುರಿಯಲ್ಲಿ ಹೊಲಿದು ದೋಣಿ ಕಟ್ಟಿದವನು ಇಟ್ಟೂಪ್. ಹೊರಗಿನಿಂದ ನೋಡಿದರೆ ಎಲ್ಲ ಹೊಲಿಗೆಯೂ ಒಂದೇ. ಒಳಗಿನ ನಾರು ಎಲ್ಲಿ ಸಡಿಲವಾಗಿದೆ ಎನ್ನುವುದು ಕಟ್ಟಿದವನಿಗೆ ಗೊತ್ತು, ಆಮೇಲೆ ನೀರಿಗೆ ಗೊತ್ತು. ಈ ಎರಡು ಸಾಲುಗಳಲ್ಲಿ ಒಂದು ಸುಳ್ಳು ಎನ್ನುವುದು ಅವನೊಬ್ಬನಿಗೇ ಗೊತ್ತಿತ್ತು, ಇಪ್ಪತ್ತಾರು ವರ್ಷಗಳಿಂದ. ಯಾವ ಸಾಲು ಎನ್ನುವುದು ಮಾತ್ರ ಅವನಿಗೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ಕಪ್ಯಾರ್ ಕೊರತ್ ಬಾಗಿಲಲ್ಲಿ ಕಾಣಿಸಿಕೊಂಡ. ಮೂರು ಪಾದ್ರಿಗಳ ಕಾಲದಿಂದ ಇಗರ್ಜಿಯ ಗಂಟೆ ಹೊಡೆದು, ದೀಪ ಹಚ್ಚಿ, ಪೂಜೆಗೆ ಕೈಗೊದಗಿ ಮುದುಕನಾದವನು. ಅವನನ್ನು ಕಂಡರೆ ಇಟ್ಟೂಪ್ ದಾರಿ ಬದಲಿಸುತ್ತಿದ್ದ, ಅದಕ್ಕೆ ಕಾರಣವೇನೆಂದು ತಿಳಿಯದ ಕೊರತ್, ಇಟ್ಟೂಪನಿಗೆ ಜಂಭ ಎಂದು ಊರಲ್ಲೆಲ್ಲ ಹೇಳಿಕೊಂಡು ಬರುತ್ತಿದ್ದ. ಈಗ ಪುಸ್ತಕ ಬಿಚ್ಚಿದ್ದನ್ನು ಕಂಡು ಒಳಗೇ ಬಂದ.

"ಅಚ್ಚೋ, ಆ ದಿನ ದೀಪ ಹಿಡ್ಕೊಂಡಿದ್ದೋನು ನಾನೇ" ಅಂದ ಪಾದ್ರಿಗೆ. "ಮೊದಲನೇದು ನೀರು ಬೀಳ್ತಿದ್ದ ಹಾಗೆ ಇಗರ್ಜಿ ಹಾರಿಹೋಗೋ ಹಾಗೆ ಕಿರುಚ್ತು. ಎರಡನೇದು ತುಟಿ ಪಿಟಕ್ ಅನ್ನಲಿಲ್ಲ. ಇದೇನು ಮುಂಚೆನೇ ಅಭ್ಯಾಸ ಆದೋರ ಹಾಗೆ ಮಲಗಿದೆಯಲ್ಲ ಅಂದ್ಕೊಂಡೆ. ಆಗ್ಲೇ ಗೊತ್ತಾಗ್ಬೇಕಿತ್ತು, ಇದು ಪಟ್ಟ ಏರಿ ಅಚ್ಚನ್ ಆಗೋ ಮಗು ಅಂತ."

ಪಾದ್ರಿ ನಕ್ಕರು. ಕೊರತ್ ಇನ್ನೂ ಜೋರಾಗಿ ನಕ್ಕ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನಂತೆ ಇಟ್ಟೂಪ್ ತನ್ನ ಎಡತೋಳನ್ನು ಬಲಗೈಯಿಂದ ಹಿಡಿದುಕೊಂಡ. ಮುಂಚೆನೇ ಅಭ್ಯಾಸ ಆದೋರ ಹಾಗೆ. ಮುದುಕನಿಗೆ ಗೊತ್ತೇ? ಗೊತ್ತಿದ್ದೂ ಆಡಿದನೇ? ಪಟ್ಟಕ್ಕೆ ಮೂರು ದಿನ ಮುಂಚೆ ಆಡಬೇಕೆಂದೇ ಇಷ್ಟು ವರ್ಷ ಇಟ್ಟುಕೊಂಡಿದ್ದನೇ? ಹಾಗೇನೂ ಇರಲಾರದು, ಮುದುಕನಿಗೆ ಬಾಯಿ ಚಪಲ, ಅಷ್ಟೆ. ಆದರೂ ಪಾದ್ರಿ ಮುದ್ರೆಯೊತ್ತಿ ಕೊಟ್ಟ ಕಾಗದವನ್ನು ಮಡಚುವಾಗ ಇಟ್ಟೂಪನಿಗೆ ಮಡಿಕೆ ಓರೆಯಾಯಿತು. ಹೊರಗೆ ಬಂದವನು ಬಿಸಿಲು ಕಣ್ಣಿಗೆ ಕುಕ್ಕಿದ್ದರಿಂದ ಇಗರ್ಜಿಯ ಮುಂಬಾಗಿಲ ನೆರಳಿಗೆ ಹೋಗಿ ನಿಂತ. ನಿಂತ ಮೇಲೆ ಗೊತ್ತಾಯಿತು, ಆ ದಿನ ನಿಂತಿದ್ದೂ ಅಲ್ಲಿಯೇ.

ಆ ದಿನ ಎಂಟನೆಯ ದಿನ. ಬಾಣಂತಿ ಇಗರ್ಜಿಗೆ ಬರುವ ಪದ್ಧತಿ ಆಗ ಇರಲಿಲ್ಲ, ಎಲಿಸ್ವಾ ಮನೆಯಲ್ಲೇ ಉಳಿದಿದ್ದಳು. ಎರಡು ದೋಣಿ ತುಂಬ ನೆಂಟರು. ಒಂದೇ ಥಾನಿನಿಂದ ಹರಿದ ಎರಡು ಬಿಳಿ ತುಂಡುಗಳಲ್ಲಿ ಎರಡು ಮಕ್ಕಳು, ಒಂದು ಮುಖ ನೋಡಿ ಇನ್ನೊಂದು ನೋಡಿದರೆ ಅದೇ ಮುಖ. ಮೊದಲು ಹುಟ್ಟಿದ್ದು ವರ್ಕಿ ಎಂದು ತಿಳಿಯಲಿ ಅಂತ ಇಟ್ಟೂಪನ ತಾಯಿ ಅದರ ಬಲಗೈಗೆ ಕರಿ ದಾರ ಕಟ್ಟಿದ್ದಳು, ದೃಷ್ಟಿಗೂ ಆಯಿತು ಗುರುತಿಗೂ ಆಯಿತು ಎಂದು. ಆಗಿನ ಪಾದ್ರಿ ಭಾರೀ ಆಳು, ಮಾತು ಚಾಟಿ. ಇದೇ ಬಾಗಿಲಲ್ಲಿ ಬಟ್ಟೆ ಸರಿಸಿ ನೋಡಿದವರಿಗೆ ಮೊದಲು ಕಂಡದ್ದೇ ದಾರ. "ಇಟ್ಟೂಪೇ, ಮಗೂನ ಯಾರಿಗೆ ಕೊಡೋಕೆ ತಂದಿದೀಯ? ದೇವರಿಗೋ, ದೆವ್ವಕ್ಕೋ?" ಎಂದು ಎಲ್ಲರಿಗೂ ಕೇಳುವಂತೆ ಅಂದರು. ಎಲ್ಲರೂ ನಕ್ಕರು. ಎಲಿಸ್ವಾಳ ಅಣ್ಣಂದಿರು ನಕ್ಕರು, ಅವನ ಹತ್ತಿರ ಕೆಲಸ ಕಲಿತವರು ನಕ್ಕರು, ಹೆಂಗಸರು ಸೆರಗಿನ ಮರೆಯಲ್ಲಿ ನಕ್ಕರು. ಇಪ್ಪತ್ತೆಂಟು ವರ್ಷದ ಇಟ್ಟೂಪ್ ಕಿವಿಯೆಲ್ಲ ಬಿಸಿಯಾಗಿ, ಗಂಟು ಬಿಚ್ಚಲು ಬಾರದೆ, ಬಾಗಿ ಹಲ್ಲಿನಿಂದ ದಾರ ಕಚ್ಚಿ ಹರಿದ. ದಾರದ ಒಂದು ಎಳೆ ನಾಲಗೆಗೆ ಅಂಟಿಕೊಂಡಿತು, ಅದನ್ನು ಉಗಿಯಲೂ ಆಗದೆ ನುಂಗಿದ.

ಪಾದ್ರಿಗೆ ಅವಸರ, ಇನ್ನೊಂದು ಊರಿನಲ್ಲಿ ಮದುವೆ ಇತ್ತು. ಎರಡನ್ನೂ ಒಟ್ಟಿಗೆ ಎಳೆದಾಡುವುದು ಬೇಡ, ಒಂದನ್ನು ಪೂರ್ತಿ ಮುಗಿಸಿ ಇನ್ನೊಂದು ಎಂದರು. ಮೊದಲ ಮಗುವನ್ನು ಇಟ್ಟೂಪನ ಅಕ್ಕ ಮರಿಯಂ ಕಲ್ಲಿನ ತೊಟ್ಟಿಯ ಮೇಲೆ ಹಿಡಿದಳು. ಸುರಿಯಾನಿ ಭಾಷೆಯಲ್ಲಿ ಮಂತ್ರ, ನೆತ್ತಿಗೆ ಮೂರು ಸಲ ನೀರು, ಆಮೇಲೆ ಪವಿತ್ರ ತೈಲ, ಕೊರತ್ ಹತ್ತಿಯಿಂದ ಒರೆಸಿದ. ಮಗು ಕಿರುಚಿತು. ಮರಿಯಂ ಅದನ್ನು ತಂದು ತಮ್ಮನ ಒಂದು ತೋಳಿಗೆ ಹಾಕಿ ಮೊಂಬತ್ತಿ ಹಚ್ಚಲು ಹೋದಳು. ಇನ್ನೊಂದು ತೋಳಿನಲ್ಲಿ ಆಗಲೇ ಎರಡನೆಯದು ಇತ್ತು. ಎಲಿಸ್ವಾಳ ತಂಗಿ ಅಚ್ಚಾಮ್ಮ ಜಾರಿದ ಮೇಲುಹೊದಿಕೆ ಸರಿಮಾಡಿಕೊಳ್ಳಲು ಅದನ್ನು ಅವನಿಗೆ ಕೊಟ್ಟಿದ್ದಳು. ಎರಡು ತೋಳಿನಲ್ಲೂ ಒಂದೊಂದು ಮಗು, ಎರಡನ್ನೂ ಮುಖದವರೆಗೆ ಸುತ್ತಿತ್ತು, ಎರಡೂ ಈಗ ಸುಮ್ಮನಿದ್ದವು. ಅವನ ಮನಸ್ಸು ಮಾತ್ರ ಇನ್ನೂ ಬಾಗಿಲಲ್ಲೇ, ಆ ನಗುವಿನ ನಡುವೆ, ನಕ್ಕವರಿಗೆ ಏನು ಹೇಳಬಹುದಿತ್ತು ಎಂದು ಹುಡುಕುತ್ತ ನಿಂತಿತ್ತು. ಮುಂದಿನದು, ಎಂದರು ಪಾದ್ರಿ. ಅಚ್ಚಾಮ್ಮ ಕೈಚಾಚಿದಳು. ಅವನು ಕೊಟ್ಟ. ಮತ್ತೆ ಮಂತ್ರ, ಮತ್ತೆ ನೀರು, ಮಗು ಅಳಲಿಲ್ಲ. ಆಗ ತನ್ನ ತೋಳಿನಲ್ಲಿ ಉಳಿದಿದ್ದ ಮಗುವಿನ ನೆತ್ತಿಗೆ ಸುಮ್ಮನೆ ಗಲ್ಲ ತಾಗಿಸಿದ. ನೆತ್ತಿ ಒಣಗಿತ್ತು.

ಒಂದು ಮಾತು ಸಾಕಾಗಿತ್ತು. ಅಚ್ಚೋ, ತಪ್ಪಾಯಿತು, ಈ ಮಗು ಉಳಿದಿದೆ. ಪಾದ್ರಿ ತಿರುಗಿ ನೋಡುತ್ತಿದ್ದರು, ತನ್ನ ಮಕ್ಕಳಲ್ಲಿ ಯಾವುದು ಯಾವುದೆಂದು ತಿಳಿಯದ ಅಪ್ಪ ಎಂದು ಇನ್ನೊಂದು ಸಲ ಎಲ್ಲರನ್ನೂ ನಗಿಸುತ್ತಿದ್ದರು, ಆಮೇಲೆ ನೀರು ಹೊಯ್ಯುತ್ತಿದ್ದರು. ಆ ನಗು ಎಷ್ಟು ಹೊತ್ತು ಇರುತ್ತಿತ್ತು? ಮೀನು ಸಾರಿನ ಊಟದವರೆಗೆ, ಹೆಚ್ಚೆಂದರೆ ಮುಂದಿನ ಪರಿಷೆಯವರೆಗೆ. ಇಟ್ಟೂಪ್ ಬಾಯಿ ಬಿಡಲಿಲ್ಲ. ಹತ್ತಿಯಿಂದ ಒರೆಸಿದ್ದಾರಲ್ಲ, ಒಣಗಿರಬೇಕು ಎಂದು ತನಗೆ ತಾನೇ ಹೇಳಿಕೊಂಡ. ದೋಣಿಯಲ್ಲಿ ಹಿಂದಿರುಗುವಾಗ ಉದ್ದಕ್ಕೂ ಅದನ್ನೇ ಹೇಳಿಕೊಂಡ, ಮನೆ ಮುಟ್ಟುವಷ್ಟರಲ್ಲಿ ಅರ್ಧ ನಂಬಿದ್ದ. ಎಲಿಸ್ವಾ ಚಾಪೆಯ ಮೇಲೆ ಕೂತು ಎರಡನ್ನೂ ಮಡಿಲಿಗೆ ತೆಗೆದುಕೊಂಡು, ತೈಲದ ಪರಿಮಳ ನೋಡಲೆಂದು ಎರಡು ನೆತ್ತಿಗೂ ಮೂಗು ಹಚ್ಚಿದಳು. ತೈಲ ಹಚ್ಚಿದ ನೆತ್ತಿಯನ್ನು ಮೂರು ದಿನ ತೊಳೆಯುವಂತಿಲ್ಲ, ಆ ಮೂರು ದಿನದ ಪರಿಮಳ ತಾಯಿಯ ಪಾಲು. "ಇದಕ್ಕೆ ವಾಸನೇನೇ ಇಲ್ವಲ್ಲ" ಅಂದಳು. ಗಾಳಿಗೆ ಹೋಗಿರುತ್ತೆ ಎಂದ. ಅವಳು ಇನ್ನೊಂದು ಸಲ ಬಾಗುವ ಮೊದಲೇ, ಮಲಗಿಸು ಅವನ್ನ, ಆಡಿಸಿ ಆಡಿಸಿ ಜ್ವರ ಬರಿಸ್ತೀಯ ಎಂದು ಗದರಿ, ಎರಡನ್ನೂ ಒಂದೇ ತೊಟ್ಟಿಲಲ್ಲಿ ತಲೆಗೆ ತಲೆ ತಾಗಿಸಿ ಮಲಗಿಸಿದ. ಸಂಜೆಗೆ ಎರಡೂ ಪರಿಮಳಿಸುತ್ತಿದ್ದವು, ಒಣಗಿದ್ದ ನೆತ್ತಿ ಯಾವುದೆಂದು ಇಟ್ಟೂಪನಿಗೂ ಗುರುತು ಸಿಗಲಿಲ್ಲ. ಮಾರನೆಯ ದಿನ ಎಲಿಸ್ವಾ, ಹೆತ್ತವಳಿಗೆ ಗೊತ್ತಾಗುವುದಿಲ್ಲವೇ ಎಂದು, ಒಂದರ ಕೈಗೆ ಮತ್ತೆ ಕರಿ ದಾರ ಕಟ್ಟಿದಳು. ಅಲ್ಲಿಂದ ಅದು ವರ್ಕಿ, ಇನ್ನೊಂದು ಪೈಲಿ. ಇಬ್ಬರಲ್ಲಿ ಒಬ್ಬ ಎರಡು ಸಲ ದೇವರ ಮಗ, ಇನ್ನೊಬ್ಬ ಒಂದು ಸಲವೂ ಅಲ್ಲ.

ಐದನೆಯ ವರ್ಷಕ್ಕೆ ವರ್ಕಿ ಮೂರು ದಿನದ ಜ್ವರದಲ್ಲಿ ಹೋದ. ಅದೇ ಪಾದ್ರಿ, ಆಗ ಮೆತ್ತಗಾಗಿದ್ದರು, ಪೆಟ್ಟಿಗೆಯೊಳಗಿನ ತಲೆಗೆ ಬಿಳಿ ಹೂವಿನ ಕಿರೀಟ ಇಟ್ಟು, ಎಲಿಸ್ವಾಳ ಮುಂದೆ ಮೊಣಕಾಲೂರಿ ಹೇಳಿದ್ದರು. ಮಾಮೋದೀಸ ಆದ ಮಗು, ಪಾಪ ಅಂದರೆ ಏನೆಂದು ಅರಿಯದ ಮಗು, ನೆಟ್ಟಗೆ ದೇವದೂತರ ನಡುವೆ ಹೋಗಿದೆ. ಇವನ ಆತ್ಮಕ್ಕೆ ಬಲಿಪೂಜೆ ಬೇಡ, ಪ್ರಾರ್ಥನೆ ಬೇಡ, ಇನ್ನು ಅವನೇ ನಮಗಾಗಿ ಬೇಡುತ್ತಾನೆ. ಎಲಿಸ್ವಾ ಆ ಮಾತನ್ನು ಹಿಡಿದುಕೊಂಡೇ ಎದ್ದು ನಿಂತವಳು. ಸತ್ತವರ ದಿನ ಊರೆಲ್ಲ ತಮ್ಮ ತಮ್ಮವರಿಗೆ ಪೂಜೆ ಹೇಳಿಸಿದರೂ ಅವಳು ಮಗನಿಗೆ ಹೇಳಿಸಲಿಲ್ಲ, ಅದು ಅವಳ ಹೆಮ್ಮೆ. ನನ್ನ ವರ್ಕಿಗೆ ಯಾವುದೂ ಬೇಡಪ್ಪ ಎಂದು ಅನ್ನುತ್ತಿದ್ದಳು, ಒಳ್ಳೆಯ ಕೆಲಸದಲ್ಲಿರುವ ಮಗನ ಬಗ್ಗೆ ಹೇಳುವವಳಂತೆ. ಆ ಸಂಜೆ ಪೆಟ್ಟಿಗೆ ಇಳಿಸುವಾಗ ಎಲ್ಲರೂ ಮುಖ ನೋಡುತ್ತಿದ್ದರೆ ಇಟ್ಟೂಪ್ ನೆತ್ತಿ ನೋಡುತ್ತಿದ್ದ. ನೀರು ಬೀಳದೆ ಸತ್ತ ಮಗುವಿಗೆ ಸ್ವರ್ಗವಿಲ್ಲ, ನರಕವೂ ಇಲ್ಲ, ದೇವರ ಮುಖ ಎಂದೂ ಕಾಣದ ಒಂದು ಕತ್ತಲಿನ ಅಂಚಿದೆ, ಅಲ್ಲಿ ಅವು ಇರುತ್ತವೆ ಎಂದು ಅವನು ಹುಡುಗನಾಗಿದ್ದಾಗ ಕಲಿತ ಪಾಠ. ಐದು ವರ್ಷದ ಹುಡುಗ, ದೀಪ ಆರಿದರೆ ಅಪ್ಪನ ಕಿವಿ ಹಿಡಿದುಕೊಂಡು ಮಲಗುತ್ತಿದ್ದವನು.

ಅಂದಿನಿಂದ ಇಟ್ಟೂಪನಿಗೆ ಪ್ರಾರ್ಥನೆ ಮಾಡುವುದೇ ಆಗಲಿಲ್ಲ. ಒಣ ನೆತ್ತಿ ಪೈಲಿಯದಾಗಿರಲಿ ಎಂದು ಬೇಡಿದರೆ ಅಂಗಳದಲ್ಲಿ ಆಡುತ್ತಿರುವ ಮಗನನ್ನು ತಳ್ಳಿದ ಹಾಗೆ. ವರ್ಕಿಯದಾಗಿರಲಿ ಎಂದರೆ ಮಣ್ಣಿನಲ್ಲಿರುವವನನ್ನು ಆ ಕತ್ತಲಿಗೆ ತಾನೇ ಕೈಹಿಡಿದು ಬಿಟ್ಟುಬಂದ ಹಾಗೆ. ಮನಸ್ಸು ಕಳ್ಳತನದಿಂದ ಒಂದು ಕಡೆ ವಾಲಿದಾಗಲೆಲ್ಲ ಬೆಚ್ಚಿ ಹಿಂದೆಗೆಯುತ್ತಿದ್ದ. ಒಮ್ಮೆ ದೂರದ ಇಗರ್ಜಿಗೆ ಹೋಗಿ, ತನ್ನ ಪರಿಚಯವಿಲ್ಲದ ಪಾದ್ರಿಯ ಮುಂದೆ ಪಾಪನಿವೇದನೆಗೆ ಕೂತು, ನಮ್ಮೂರಲ್ಲಿ ಒಬ್ಬ ಮನುಷ್ಯ ಇದಾನೆ ಎಂದು ಶುರುಮಾಡಿದ. ಪಾದ್ರಿ ಅರ್ಧಕ್ಕೇ ತಡೆದು, ಹಾಗಾದರೆ ಆ ಮನುಷ್ಯನನ್ನೇ ಕಳಿಸು, ನಿನ್ನ ಪಾಪ ಏನು ಹೇಳು ಎಂದರು. ಸುಳ್ಳು ಹೇಳಿದ್ದು, ಕಳ್ಳು ಕುಡಿದದ್ದು ಎಂದು ಒಪ್ಪಿಸಿ ಎದ್ದುಬಂದ. ಪೈಲಿ ಸೆಮಿನರಿಗೆ ಹೋಗುತ್ತೇನೆಂದು ಹಟಹಿಡಿದ ದಿನ ಎಲಿಸ್ವಾ ಸಂತೋಷಕ್ಕೆ ಅತ್ತಳು, ಅವನೂ ಅತ್ತ, ಜನ ಎರಡನ್ನೂ ಒಂದೇ ಎಂದುಕೊಂಡರು. ನಾಲ್ಕು ವರ್ಷದ ಹಿಂದೆ ರಜೆಗೆ ಬಂದಿದ್ದಾಗ ಊಟದ ಹೊತ್ತಿನಲ್ಲಿ ಪೈಲಿಯೇ, ತಾನು ಕಲಿತದ್ದನ್ನು ತಾಯಿಗೆ ಹೇಳಿ ಬೆರಗುಗೊಳಿಸುವ ಉತ್ಸಾಹದಲ್ಲಿ, ಮಾಮೋದೀಸ ಆಗದವನಿಗೆ ಕೊಟ್ಟ ಗುರುಪಟ್ಟ ಪಟ್ಟವೇ ಅಲ್ಲ, ಅವನು ಎತ್ತಿದ ರೊಟ್ಟಿ ಬರೀ ರೊಟ್ಟಿ, ಅವನು ಕ್ಷಮಿಸಿದ ಪಾಪ ಅಲ್ಲೇ ಇರುತ್ತದೆ ಎಂದು ವಿವರಿಸಿದ್ದ. ಅನುಮಾನ ಬಂದರೆ, ಆಗಿರದಿದ್ದರೆ ಈಗ ಆಗಲಿ ಎಂದು ಷರತ್ತು ಹಾಕಿ ಮತ್ತೆ ನೀರು ಹೊಯ್ಯಬಹುದು, ಐದು ನಿಮಿಷದ ಕೆಲಸ ಎಂದೂ ಅಂದಿದ್ದ. ಐದು ನಿಮಿಷ. ಆದರೆ ಪೈಲಿಗೆ ಅನುಮಾನ ಎಂದು ಹೇಳಿದ ಕೂಡಲೇ ಎಲಿಸ್ವಾ ಇನ್ನೊಬ್ಬನನ್ನು ಲೆಕ್ಕ ಹಾಕುತ್ತಾಳೆ. ಬದುಕಿರುವವನ ನೆತ್ತಿಗೆ ನೀರು ಸಿಗುತ್ತದೆ. ಮಣ್ಣಿನೊಳಗಿನ ನೆತ್ತಿಗೆ?

"ಅಪ್ಪಚ್ಚಾ, ಬಿಸಿಲಲ್ಲಿ ಏನ್ ಮಾಡ್ತಿದೀರ? ಕಾಗದ ಸಿಕ್ತಾ?" ಪೈಲಿ ಕಾಲುವೆಯ ಮೆಟ್ಟಿಲ ಹತ್ತಿರ ಚಿಕ್ಕ ದೋಣಿ ನಿಲ್ಲಿಸಿಕೊಂಡು ಕರೆಯುತ್ತಿದ್ದ. ನೆರಳು ಯಾವಾಗಲೋ ಸರಿದು ಇಟ್ಟೂಪ್ ಬಿಸಿಲಲ್ಲೇ ನಿಂತಿದ್ದ. ಎರಡು ದಿನದ ಬಿಡುವಿಗೆ ಮನೆಗೆ ಬಂದ ಮಗ ಬಿಳಿ ನಿಲುವಂಗಿಯನ್ನು ಮೊಣಕಾಲಿನವರೆಗೆ ಎತ್ತಿಕಟ್ಟಿದ್ದ, ಗಳು ಹಿಡಿದ ಕೈ ಮರಗೆಲಸದವನ ಕೈಯಷ್ಟೇ ಗಟ್ಟಿ. ಅಪ್ಪ ದೋಣಿಯ ಮೂತಿಯಲ್ಲಿ ಅವನಿಗೆ ಎದುರಾಗಿ ಕೂತ. ಬಾತುಕೋಳಿಗಳ ದಂಡೊಂದು ಅಡ್ಡ ಬಂದು, ದೋಣಿ ನಿಲ್ಲಿಸಬೇಕಾಯಿತು. ಶನಿವಾರ ಬಿಷಪ್ಪರು ಈ ತಲೆಯ ಮೇಲೆ ಕೈ ಇಡುತ್ತಾರೆ, ಆಮೇಲೆ ನಲವತ್ತು ವರ್ಷ ಜನ ಇವನ ಮುಂದೆ ಮೊಣಕಾಲೂರುತ್ತಾರೆ, ಸಾಯುವವರು ಇವನ ಕೈ ಹಿಡಿದುಕೊಳ್ಳುತ್ತಾರೆ, ಎಲ್ಲವೂ ಬರೀ ರೊಟ್ಟಿ. ಹೇಳಬೇಕೆಂದು ಇಟ್ಟೂಪ್ ತೀರ್ಮಾನ ಮಾಡಲಿಲ್ಲ. ಬಾತುಗಳು ದಾಟುವುದನ್ನು ನೋಡುತ್ತಿದ್ದ ಹಾಗೆಯೇ ಬಾಯಿ ತಾನಾಗಿ ಬಿಚ್ಚಿಕೊಂಡಿತು. ಕರಿ ದಾರದಿಂದ ಹಿಡಿದು ತೊಟ್ಟಿಲಿನವರೆಗೆ, ಒಂದೂ ಬಿಡದೆ, ಮಗನ ಮುಖ ನೋಡದೆ ಹೇಳಿ ಮುಗಿಸಿದ.

ಪೈಲಿ ಗಳುವನ್ನು ಕೆಸರಿಗೆ ಊರಿ ಹಾಗೇ ನಿಂತಿದ್ದ. ಕೇಳಿದ್ದು ಎರಡೇ ಪ್ರಶ್ನೆ, ಅದೂ ಪಾದ್ರಿಗಳು ಕೇಳುವ ದನಿಯಲ್ಲಿ. ನೆತ್ತಿ ಒಣಗಿದ್ದು ಖಂಡಿತವೇ ಎಂದು. ಅಮ್ಮಚ್ಚಿಗೆ ಗೊತ್ತಿದೆಯೇ ಎಂದು. ಆಮೇಲೆ, ತನ್ನದೇನೂ ಕಷ್ಟವಿಲ್ಲ, ನಾಳೆಯೇ ಬಿಷಪ್ಪರ ಬಳಿ ಹೋಗುತ್ತೇನೆ, ಅವರು ಯಾರಿಗೂ ತಿಳಿಯದ ಹಾಗೆ ಮುಗಿಸುತ್ತಾರೆ ಎಂದ. ಆ ದನಿ ಅಲ್ಲಿಗೆ ನಿಂತಿತು. ಮುಂದಿನದನ್ನು ಕೇಳಿದ್ದು ಬರೀ ಮಗ.

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ಅಪ್ಪಚ್ಚಾ?"

"ನಗ್ತಾರೆ ಅಂತ" ಅಂದ ಇಟ್ಟೂಪ್. ಬೇರೆ ಏನಾದರೂ ದೊಡ್ಡ ಕಾರಣ ಇದ್ದೀತು ಎಂದು ಹುಡುಕಿದ, ಇರಲಿಲ್ಲ. "ಅವತ್ತು ಒಂದ್ಸಲ ನಕ್ಕಿದ್ರು."

ಪೈಲಿ ಗಳು ಕಿತ್ತು ದೋಣಿ ತಳ್ಳಿದ. ಆಗ ಇಟ್ಟೂಪ್ ತಲೆಯೆತ್ತಿ ನೋಡಿದ. ಯಾವತ್ತೂ ತಾಯಿಯ ಮುಖ ಎಂದು ಜನ ಹೇಳುತ್ತಿದ್ದ ಆ ಮುಖದಲ್ಲಿ, ಹುಬ್ಬಿನ ನಡುವೆ, ಕ್ಷೌರದ ಕನ್ನಡಿಯಲ್ಲಿ ತಾನು ದಿನಾ ನೋಡುವ ಅದೇ ಹೆದರಿಕೆ ಬಂದು ಕೂತಿತ್ತು. ತನ್ನ ಎದೆ ಹಗುರಾಗುತ್ತದೆ ಎಂದುಕೊಂಡಿದ್ದ, ಹಗುರಾಗಲಿಲ್ಲ. ಇದ್ದದ್ದು ಇದ್ದ ಹಾಗೇ ಇತ್ತು, ಈಗ ಹೊರುವವರು ಇಬ್ಬರಾಗಿದ್ದರು. ಸೆಮಿನರಿಯ ಪುಸ್ತಕದಲ್ಲಿ ಈಗೀಗ ನೀರು ಬೀಳದೆ ಸತ್ತ ಮಕ್ಕಳನ್ನೂ ದೇವರ ಕರುಣೆಗೆ ಒಪ್ಪಿಸಬಹುದು ಅಂತ ಇದೆ ಎಂದು ಪೈಲಿ ತನ್ನಷ್ಟಕ್ಕೆ ಅಂದುಕೊಂಡ, ನಂಬಿದವನಂತೆ ಅಲ್ಲ. ಮನೆಯ ಮೆಟ್ಟಿಲು ಕಾಣಿಸುವಾಗ, ಅಮ್ಮಚ್ಚಿಗೆ ಹೇಳುವುದು ಬೇಡ ಎಂದ. ಇಟ್ಟೂಪ್ ಬೇಗ ತಲೆಯಾಡಿಸಿದ. ಅಷ್ಟು ಬೇಗ ತಲೆಯಾಡಿಸಿದ್ದಕ್ಕೆ ನಾಚಿಕೆಯಾಯಿತು.

ಎಲಿಸ್ವಾ ಜಗಲಿಯ ಮೇಲೆ ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು, ಶನಿವಾರದ ಅಪ್ಪಕ್ಕೆ ಬೇಕಾದದ್ದು. ದೋಣಿ ಕಟ್ಟುವ ಮೊದಲೇ ಮಾತು ಶುರುವಾಯಿತು. ಕಾಗದ ಒದ್ದೆ ಮಾಡಿಕೊಂಡು ಬರಲಿಲ್ಲ ತಾನೇ, ಬಿಸಿಲಲ್ಲಿ ಇಬ್ಬರೂ ಏನು ಹರಟೆ ಹೊಡೆಯುತ್ತಿದ್ದಿರಿ, ದೋಣಿ ನಡುಗಾಲುವೆಯಲ್ಲಿ ನಿಂತಿದ್ದು ಇಲ್ಲಿಗೇ ಕಾಣುತ್ತಿತ್ತು ಎಂದು ಒಂದೇ ಉಸಿರಿಗೆ. ಭಾನುವಾರ ಪೈಲಿ ಹೇಳುವ ಮೊದಲ ಬಲಿಪೂಜೆ ಯಾರ ಹೆಸರಿಗೆ ಎಂದು ಅವಳ ಅಣ್ಣ ಕೇಳಿ ಕಳಿಸಿದ್ದಾನಂತೆ. ತೀರಿಹೋದ ಅಜ್ಜನ ಹೆಸರಿಗೆ ಎಂದು ಹೇಳಿಬಿಡಲೇ ಎಂದಳು. ಪೈಲಿ ನಿಲುವಂಗಿಯ ಅಂಚನ್ನು ಹಿಂಡುತ್ತಿದ್ದ. ಸುಳ್ಳು ಹೇಳಿ ರೂಢಿಯಿಲ್ಲದವನು, ಸುಳ್ಳೂ ಸತ್ಯವೂ ಅಲ್ಲದ್ದನ್ನು ಹೇಳಲು ಹೋಗಿ, ಎದೆಯಲ್ಲಿದ್ದದ್ದನ್ನೇ ಆಡಿಬಿಟ್ಟ.

"ವರ್ಕಿ ಹೆಸರಿಗೆ ಅಮ್ಮಚ್ಚಿ."

ಮೊರ ನಿಂತಿತು. "ಅವನಿಗೆ ಯಾಕೋ?" ಅಂದಳು ಎಲಿಸ್ವಾ, ನಗುತ್ತಲೇ. "ಅವನಿಗೆ ಯಾವ ಪೂಜೆನೂ ಬೇಡ ಅಲ್ವಾ?"

ಪೈಲಿ ನಿಲುವಂಗಿಯ ಅಂಚನ್ನು ಮತ್ತೆ ಹಿಂಡಿದ. ನಗು ಅವಳ ತುಟಿಯಲ್ಲಿ ಇನ್ನೂ ಸ್ವಲ್ಪ ಹೊತ್ತು ಇತ್ತು, ಕಣ್ಣಿನಿಂದ ಮಾತ್ರ ಮೊದಲೇ ಹೋಗಿತ್ತು. ಅವಳು ಮಗನನ್ನು ಬಿಟ್ಟು ಗಂಡನ ಕಡೆ ತಿರುಗಿದಳು. ಅವನು ಬೇರೇನಾದರೂ ಹೇಳಬಹುದಿತ್ತು. ಹುಡುಗನಿಗೆ ಅಣ್ಣನ ನೆನಪಾಗಿದೆ ಅನ್ನಬಹುದಿತ್ತು, ಗದರಬಹುದಿತ್ತು, ಇಪ್ಪತ್ತಾರು ವರ್ಷ ಏನಾದರೊಂದು ಅಂದು ತಪ್ಪಿಸಿಕೊಳ್ಳಲಿಲ್ಲವೇ. ಇಟ್ಟೂಪ್ ಮೆಟ್ಟಿಲು ಹತ್ತಿ ಬಂದು ಅವಳ ಕೈಯಿಂದ ಮೊರ ತೆಗೆದು ಕೆಳಗಿಟ್ಟ.

"ಎಲಿಸ್ವಾ, ಕೂತ್ಕೋ" ಅಂದ. "ಒಂದು ಮಾತು ಹೇಳ್ಬೇಕು."

ಅವಳು ಕೂರಲಿಲ್ಲ. ಕಂಬವನ್ನೂ ಹಿಡಿದುಕೊಳ್ಳಲಿಲ್ಲ.

"ನಿಂತೇ ಕೇಳ್ತೀನಿ" ಅಂದಳು. "ಹೇಳಿ."